ಆ ಕಾರು ತಾನಾಗಿ ಸರಿಹೋಗಲಿಲ್ಲ

ಸೇಡಂನಲ್ಲಿ ಯಾರನ್ನಾದರೂ ಕೇಳಿ ನೋಡಿ, ವಕೀಲ ಅಭಯ ಅವರ ಕೆಂಪು ಕಾರು ಹೋದ ಆಷಾಢದಲ್ಲಿ ತಾನಾಗಿಯೇ ಸರಿಹೋಯಿತು ಎನ್ನುತ್ತಾರೆ. ಕೋರ್ಟಿನ ಮುಂದಿನ ಚಹಾದಂಗಡಿಯಲ್ಲಿ ಹಾಗೆ ಹೇಳುತ್ತಾರೆ, ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲೂ ಹಾಗೆಯೇ ಹೇಳುತ್ತಾರೆ. ಹದಿನೆಂಟು ವರ್ಷದಿಂದ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುತ್ತಿರುವವಳು ನಾನು. ಕಬ್ಬಿಣ, ತಾಮ್ರ, ರಬ್ಬರಿನಿಂದ ಮಾಡಿದ ವಸ್ತು ತಾನಾಗಿ ಕೆಡಬಹುದು, ತಾನಾಗಿ ಸರಿಹೋಗುವುದಿಲ್ಲ. ಅದನ್ನು ಸರಿಮಾಡಿದವಳು ಮಳಖೇಡದ ಅಂಬಿಕಾ. ಹೇಳಬೇಕಾದ ಹೊತ್ತಿಗೆ ಈ ಮಾತನ್ನು ಯಾರೂ ಹೇಳಲಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ, ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ವಕೀಲ ಅಭಯ ನನ್ನ ಗಂಡ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ. ನನ್ನ ಹೆಸರು ಪ್ರಮಿತಾ.

ಕಾರಿನ ವಿಷಯ ಮೊದಲು ಮುಗಿಸುತ್ತೇನೆ. ನಮ್ಮ ಕಡೆಯ ಸಿಮೆಂಟ್ ಫ್ಯಾಕ್ಟರಿ ಕಟ್ಟುವ ಕಾಲಕ್ಕೆ ಬಂದಿದ್ದ ಹೊರದೇಶದ ಎಂಜಿನಿಯರೊಬ್ಬ ಹೈದರಾಬಾದಿನಲ್ಲಿ ಬಿಟ್ಟುಹೋದ ಸ್ಪೋರ್ಟ್ಸ್ ಕಾರು ಅದು. ಎರಡು ಕೈ ಬದಲಾಗಿ ನಮ್ಮ ಅಂಗಳಕ್ಕೆ ಬಂತು. ಜಪಾನಿನದು, ವಯಸ್ಸಾದದ್ದು, ಮೇಲೆ ಬಟ್ಟೆಯ ಛಾವಣಿ. ನೆಲಕ್ಕೆ ಎಷ್ಟು ಹತ್ತಿರವೆಂದರೆ ಬಸ್ ಸ್ಟ್ಯಾಂಡ್ ಮುಂದಿನ ರಸ್ತೆಯ ಪ್ರತಿ ಹಂಪ್ ಉಬ್ಬಿಗೂ ಹೊಟ್ಟೆ ಉಜ್ಜುತ್ತದೆ. ಇರುವುದು ಎರಡೇ ಸೀಟು. ಮನೆಯಲ್ಲಿ ನಾವು ಮೂವರು: ಅವರು, ನಾನು, ನಮ್ಮ ಅತ್ತೆ ಸೀತಾಬಾಯಿ. ಆದರೂ ನಮ್ಮವರಿಗೆ ಅದು ಕಾರಲ್ಲ, ದೇವರು. ಹನ್ನೊಂದು ವರ್ಷದ ಸಂಸಾರದಲ್ಲಿ ನನ್ನ ಕೈಗೆ ಅದರ ಕೀಲಿ ಒಮ್ಮೆಯೂ ಬಂದಿರಲಿಲ್ಲ.

ನಮ್ಮ ಕಡೆಯ ಧೂಳು ಬೇರೆ ಊರಿನ ಧೂಳಿನಂಥದ್ದಲ್ಲ. ರಾತ್ರಿ ಗಾಡಿಯ ಮೇಲೆ ತೆಳ್ಳಗೆ ಕೂರುತ್ತದೆ, ಬೆಳಗಿನ ಇಬ್ಬನಿಗೆ ನೆನೆಯುತ್ತದೆ, ಬಿಸಿಲಿಗೆ ಗಟ್ಟಿಯಾಗಿ ಗಾಜನ್ನು ಹಿಡಿದುಕೊಂಡುಬಿಡುತ್ತದೆ. ಸಿಮೆಂಟೇ ತಾನೆ. ನೀರು ಹಾಕಿ ತಿಕ್ಕಿದರೆ ಬಣ್ಣ ಕಿತ್ತು ಬರುತ್ತದೆಯೇ ಹೊರತು ಅದು ಬಿಡುವುದಿಲ್ಲ. ಅದಕ್ಕೆ ಸೇಡಂನಲ್ಲಾಗಲಿ ವಾಡಿಯಲ್ಲಾಗಲಿ ಎಲ್ಲರಿಗೂ ಗೊತ್ತಿರುವ ಮದ್ದು ಹುಳಿ. ಕೆಲವರು ಲಿಂಬೆ ಹಿಂಡುತ್ತಾರೆ. ನಮ್ಮ ಮನೆಯಲ್ಲಿ ಹುಣಸೆ. ಅತ್ತೆ ದಿನಾ ಪೂಜೆಯ ತಾಮ್ರದ ತಂಬಿಗೆ ತಿಕ್ಕಲು ನೆನೆಹಾಕುವ ಹುಣಸೆಹಣ್ಣಿನಲ್ಲೇ ಒಂದಿಷ್ಟು ಹೆಚ್ಚಿಗೆ ನೆನೆಸಿ ಕೊಡುತ್ತಿದ್ದರು. ಪ್ರತಿ ಭಾನುವಾರ ನಮ್ಮವರು ಒಂದು ಬಕೆಟ್ ಹುಣಸೆ ನೀರನ್ನು ಕಾರಿನ ನೆತ್ತಿಯಿಂದ ಸುರಿದು, ಮೇಲೆ ಬರಿಯ ನೀರು ಸುರಿದು ಅಭಿಷೇಕ ಮುಗಿಸುತ್ತಿದ್ದರು. ಅದನ್ನು ವಿಡಿಯೋ ಮಾಡಿ ಕಾರು ಪ್ರಿಯರ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ನಾನ್ನೂರು ಜನ ನೋಡಿದರು, ಯಾರೋ ಗುರುಗಳೇ ಎಂದು ಬರೆದರು. ಅಂದಿನಿಂದ ನಮ್ಮವರ ನಡಿಗೆಯೇ ಬದಲಾಯಿತು.

ಕಾರು ಕೆಡಲು ಶುರುವಾದದ್ದು ಹೋದ ವರ್ಷ ಯುಗಾದಿಯ ಸುಮಾರಿಗೆ. ಓಡುತ್ತಿದ್ದಂತೆಯೇ ಡ್ಯಾಶ್‌ಬೋರ್ಡಿನ ಮುಳ್ಳುಗಳೆಲ್ಲ ಒಮ್ಮೆಲೇ ಸೊನ್ನೆಗೆ ಬೀಳುವುದು, ಕೆಂಪು ದೀಪಗಳೆಲ್ಲ ಹತ್ತುವುದು, ಎಂಜಿನ್ ಸತ್ತುಹೋಗುವುದು. ಹತ್ತು ನಿಮಿಷ ಬಿಟ್ಟು ಕೀಲಿ ತಿರುವಿದರೆ ಏನೂ ಆಗಿಲ್ಲವೆಂಬಂತೆ ಶುರುವಾಗುವುದು. ಹೈದರಾಬಾದಿನ ದೊಡ್ಡ ಗ್ಯಾರೇಜಿನವರು ಬ್ಯಾಟರಿ ಬದಲಿಸಿದರು, ಆಲ್ಟರ್ನೇಟರ್ ಬದಲಿಸಿದರು, ಕೊನೆಗೆ ಕಾರಿನ ಕಂಪ್ಯೂಟರೇ ಹೋಗಿದೆ ಎಂದು ಕೈ ತೊಳೆದುಕೊಂಡರು. ಚಿತ್ತಾಪುರ ರಸ್ತೆಯ ಒಂದು ಲಾರಿ ಕಂಪನಿಯ ವರ್ಕ್‌ಶಾಪ್ ನೋಡಿಕೊಳ್ಳುವ ಉದಯಕುಮಾರ ನಮ್ಮವರ ಸ್ನೇಹಿತ. ಅವರು ಸ್ಕ್ಯಾನರ್ ಹಚ್ಚಿ ನೋಡಿದರೆ ಒಂದಕ್ಕೊಂದು ಸಂಬಂಧವಿಲ್ಲದ ಏಳು ದೋಷ ತೋರಿಸಿತು. ಅವರೂ ತಲೆ ಕೆರೆದುಕೊಂಡು, ಇದು ನಮ್ಮ ಕೈಯಲ್ಲಿ ಆಗುವ ಕೆಲಸವಲ್ಲ ಎಂದು ಬಿಟ್ಟರು.

ಇನ್ನು ಅಂಬಿಕಾ. ನನಗೆ ಮೊದಲು ಕೆಲಸ ಸಿಕ್ಕಿದ್ದು ಮಳಖೇಡದ ಹೈಸ್ಕೂಲಿನಲ್ಲಿ. ಅಲ್ಲಿ ಒಂಬತ್ತನೆಯ ಇಯತ್ತೆಯಲ್ಲಿ ಕಡೆಯ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗಿ ಅವಳು. ಕಾಗಿಣಾ ಹೊಳೆಯ ದಂಡೆಯ ಅಂಬಿಗರ ಮನೆತನ. ಸೇತುವೆ ಆಗುವ ಮೊದಲು ಅಜ್ಜ ಹೊಳೆ ದಾಟಿಸುತ್ತಿದ್ದನಂತೆ, ಅಪ್ಪ ಭಾಗಣ್ಣನದು ಚೀಲ ಹೊರುವ ಕೆಲಸ, ತಾಯಿ ಮಾಣಿಕಮ್ಮನದು ಹೊಲದ ಕೂಲಿ. ಶಾಲೆಯ ನೀರಿನ ಪಂಪು ಆಗಾಗ ನಿಂತುಹೋಗುತ್ತಿತ್ತು. ಮೆಕ್ಯಾನಿಕ್ ಬಂದಾಗ ಸರಿಯಾಗಿ ಓಡುವುದು, ಅವನು ಗೇಟು ದಾಟಿದ ಕೂಡಲೇ ನಿಲ್ಲುವುದು. ಒಂದು ದಿನ ಅಂಬಿಕಾ ಎದ್ದು ನಿಂತು, ಗಾಳಿ ಬಿಟ್ಟಾಗ ಮಾತ್ರ ಅದು ನಿಲ್ಲುತ್ತದೆ ಎಂದಳು. ಹೋಗಿ ನೋಡಿದರೆ ಬೇವಿನ ಟೊಂಗೆಗೆ ತಾಗಿ ತಾಗಿ ವಯರಿನ ಮೈ ಸವೆದಿತ್ತು. ಅವತ್ತು ಹೆಡ್‌ಮಾಸ್ಟರು ಮೆಕ್ಯಾನಿಕ್‌ಗೆ ಚಹಾ ಕುಡಿಸಿ ಕಳಿಸಿದರು, ಇವಳಿಗೆ ಕ್ಲಾಸಿಗೆ ಹೋಗು ಎಂದರು.

ಮುಂದೆ ಅವಳು ಐಟಿಐ ಓದಿದಳು, ಎಲೆಕ್ಟ್ರಿಷಿಯನ್ ಪಾಸಾದಳು. ವಾಡಿಯ ಕಡೆ ಒಬ್ಬ ಗುತ್ತಿಗೆದಾರನ ಕೈಕೆಳಗೆ ನಾಲ್ಕು ವರ್ಷ ದುಡಿದಳು. ಪ್ಯಾನೆಲ್ ಬೋರ್ಡ್ ಬಿಚ್ಚುವವಳು ಅವಳು, ಮೋಟರಿನ ಕಾಯಿಲೆ ಹುಡುಕುವವಳು ಅವಳು. ಹಾಜರಿ ಪುಸ್ತಕದಲ್ಲಿ ಮಾತ್ರ ಅವಳ ಹೆಸರಿನ ಮುಂದೆ ಸಫಾಯಿ ಕೆಲಸ ಎಂದಿತ್ತು. ಎಲೆಕ್ಟ್ರಿಷಿಯನ್ ಎಂದು ಬರೆದರೆ ಎಲೆಕ್ಟ್ರಿಷಿಯನ್ನಿನ ಪಗಾರ ಕೊಡಬೇಕಲ್ಲ. ಗುತ್ತಿಗೆ ಮುಗಿದಾಗ ಅನುಭವದ ಪತ್ರ ಕೇಳಿದಳು. ಆ ಪುಣ್ಯಾತ್ಮ ಈಕೆ ನಾಲ್ಕು ವರ್ಷ ಶ್ರದ್ಧೆಯಿಂದ ಕಸ ಗುಡಿಸಿದ್ದಾಳೆ ಎಂದು ಬರೆದು, ಸೀಲು ಒತ್ತಿ ಕೊಟ್ಟ. ಅದನ್ನು ಓದಿದಾಗ ನನ್ನ ಮೈ ಉರಿದುಹೋಯಿತು, ಹರಿದು ಒಲೆಗೆ ಹಾಕು ಎಂದೆ. ಅವಳು ಹರಿಯಲಿಲ್ಲ. ಇದ್ದದ್ದು ಅದೊಂದೇ ಕಾಗದ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟುಕೊಂಡಳು.

ಆಮೇಲೆ ಮಳಖೇಡದ ಮನೆಯ ಪಡಸಾಲೆಯೇ ಅವಳ ವರ್ಕ್‌ಶಾಪಾಯಿತು. ಮಿಕ್ಸರ್, ಪಂಪ್‌ಸೆಟ್ಟಿನ ಸ್ಟಾರ್ಟರ್, ಟ್ರಾಕ್ಟರ್ ಲೈಟು, ಬೈಕಿನ ವಯರಿಂಗು. ಜನ ಸಾಮಾನು ತಂದುಕೊಡುತ್ತಾರೆ, ರಿಪೇರಿಯಾದ ಮೇಲೆ ಭಾಗಣ್ಣನ ಮನೆಯಲ್ಲಿ ಮಾಡಿಸಿದೆ ಎನ್ನುತ್ತಾರೆ. ಭಾಗಣ್ಣನಿಗೆ ಬಲ್ಬು ಬದಲಿಸಲೂ ಬರುವುದಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ: ತನ್ನ ಹೆಸರು, ಅದರ ಕೆಳಗೆ ಎಲೆಕ್ಟ್ರಿಷಿಯನ್ ಎಂದು ಬರೆದ ಒಂದು ಕೆಲಸ.

ಆಷಾಢದಲ್ಲಿ ಉದಯಕುಮಾರರ ವರ್ಕ್‌ಶಾಪಿನಲ್ಲಿ ಅಂಥ ಒಂದು ಜಾಗ ಖಾಲಿಯಾಯಿತು. ಅಂಬಿಕಾ ಹೋಗಿ ಕೇಳಿದಳು. ಕಾಗದ ತೋರಿಸು ಎಂದಾಗ ಅದೇ ಕಸ ಗುಡಿಸಿದ ಕಾಗದ ತೋರಿಸಿದಳು. ಉದಯಕುಮಾರ ಕೆಟ್ಟ ಮನುಷ್ಯನಲ್ಲ, ನಗಲಿಲ್ಲ. ಬೇರೆಯವರು ಕೈಬಿಟ್ಟ ಒಂದು ಗಾಡಿಯನ್ನು ಸರಿಮಾಡಿ ತೋರಿಸು, ಕಾಗದ ಕೇಳುವುದಿಲ್ಲ, ನಾಗರ ಪಂಚಮಿಯ ತನಕ ಜಾಗ ತುಂಬುವುದಿಲ್ಲ ಎಂದು ಮಾತು ಕೊಟ್ಟರು. ಬೇಕಾದರೆ ವಕೀಲರ ಕೆಂಪು ಕಾರೇ ಇದೆಯಲ್ಲ ಎಂದೂ ಸೇರಿಸಿದರಂತೆ. ಮರುದಿನವೇ ಅವಳು ನನ್ನ ಶಾಲೆಯ ಗೇಟಿನ ಮುಂದೆ ನಿಂತಿದ್ದಳು.

ನಮ್ಮವರಿಗೆ ಹೇಳಿದರೆ ನಕ್ಕುಬಿಟ್ಟರು. ಹೈದರಾಬಾದಿನವರ ಕೈಯಲ್ಲಿ ಆಗದ್ದು ಮಿಕ್ಸರ್ ರಿಪೇರಿ ಮಾಡುವ ಹುಡುಗಿಯ ಕೈಯಲ್ಲಿ ಆಗುತ್ತದೆಯೇ ಎಂದರು. ಹೈದರಾಬಾದಿನವರು ಮಾಡಿ ಉದ್ಧಾರ ಮಾಡಿದ್ದನ್ನು ನೋಡಿದ್ದೇವಲ್ಲ ಎಂದೆ. ಮೂರು ದಿನ ನಾನು ಅವರೊಂದಿಗೆ ಮಾತು ಬಿಟ್ಟೆ. ನಾಲ್ಕನೆಯ ದಿನ ಒಪ್ಪಿದರು, ತಾನು ಎದುರಿಗಿಲ್ಲದಾಗ ಒಂದು ಸ್ಕ್ರೂ ಕೂಡ ಬಿಚ್ಚಕೂಡದು ಎಂಬ ಷರತ್ತಿನ ಮೇಲೆ.

ಮೊದಲ ದಿನ ಅವಳು ಸ್ಕ್ರೂ ಬಿಚ್ಚಲೇ ಇಲ್ಲ. ಕಟ್ಟೆಯ ಮೇಲೆ ಕೂತು ಬರೀ ಪ್ರಶ್ನೆ ಕೇಳಿದಳು. ಯಾವಾಗ ನಿಂತಿತು, ಎಲ್ಲಿ ನಿಂತಿತು, ಲೈಟು ಹತ್ತಿತ್ತೋ ಇಲ್ಲವೋ, ಎಸಿ ಹಾಕಿತ್ತೋ ಇಲ್ಲವೋ. ಕೋರ್ಟಿನಲ್ಲಿ ಬೇರೆಯವರಿಗೆ ಪಾಟೀಸವಾಲು ಹಾಕುವ ನಮ್ಮವರಿಗೆ ಒಂದಕ್ಕೂ ಸರಿಯಾದ ಉತ್ತರ ಗೊತ್ತಿರಲಿಲ್ಲ. ಏಳು ದೋಷಗಳಿವೆ, ಕಂಪ್ಯೂಟರ್ ಸತ್ತಿದೆ, ಅಷ್ಟೇ ಎಂದರು.

"ಏಳು ಮಂದಿಗಿ ಒಮ್ಮೆಲೇ ಹೊಟ್ಟಿ ನೋವು ಬಂದ್ರ ಏಳು ಮಂದಿ ಹೊಟ್ಟಿ ಕೊಯ್ದು ನೋಡ್ತಾರೇನ್ರಿ ಸರ್?" ಎಂದಳು ಅಂಬಿಕಾ. "ಎಲ್ಲಾರೂ ಎಲ್ಲಿ ಕುಂತು ಉಂಡಾರ ಅಂತ ಮೊದಲ ಕೇಳ್ತಾರ."

ನಮ್ಮವರಿಗೆ ಆ ಮಾತು ಹಿಡಿಸಲಿಲ್ಲ. ನನಗೆ ಮಾತ್ರ ಅಡುಗೆಮನೆಯ ಕ್ಯಾಲೆಂಡರ್ ನೆನಪಾಯಿತು. ಏಕಾದಶಿ, ದ್ವಾದಶಿ ನೋಡಲು ಇಟ್ಟುಕೊಂಡ ಕ್ಯಾಲೆಂಡರ್ ಅದು. ಅವರು ದಾರಿಯಲ್ಲಿ ಕೆಟ್ಟು ನಿಂತು ಊಟಕ್ಕೆ ತಡವಾಗಿ ಬಂದಾಗಲೆಲ್ಲ ನಾನು ಸಿಟ್ಟಿಗೆ ಆ ದಿನದ ಮೇಲೆ "ಕಾರು" ಎಂದು ಬರೆದಿಡುತ್ತಿದ್ದೆ. ಎಂದಾದರೂ ಜಗಳದಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಲೆಕ್ಕ. ಅಂಬಿಕಾ ಅದನ್ನು ಗೋಡೆಯಿಂದ ತೆಗೆಸಿ ತೊಡೆಯ ಮೇಲೆ ಇಟ್ಟುಕೊಂಡು ಬೆರಳಿಟ್ಟು ಎಣಿಸಿದಳು. ಹದಿನಾಲ್ಕು ಸಲ ಕೆಟ್ಟದ್ದರಲ್ಲಿ ಹನ್ನೊಂದು ಸಲ ಸೋಮವಾರ, ಇಲ್ಲವೇ ಮಂಗಳವಾರ. ಭಾನುವಾರ ಈ ಗಾಡಿಗೆ ಏನು ಮಾಡುತ್ತೀರಿ ಎಂದು ಕೇಳಿದಳು. ಸ್ನಾನ ಎಂದರು ನಮ್ಮವರು, ತುಸು ಹೆಮ್ಮೆಯಿಂದಲೇ.

ಎರಡನೆಯ ದಿನ ಮೀಟರ್ ತಂದಳು. ಎಂಜಿನ್ ಶುರುಮಾಡಿಸಿ, ಲೈಟು, ಎಸಿ, ವೈಪರ್ ಎಲ್ಲ ಹಾಕಿಸಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಕಾರಿನ ಮೈಗೂ ಮುಟ್ಟಿಸಿದಳು. ಬ್ಯಾಟರಿಯಿಂದ ಹೋದ ಕರೆಂಟು ದೀಪ, ಕಂಪ್ಯೂಟರ್, ಮೋಟರ್ ಎಲ್ಲ ತಿರುಗಿ, ಕಾರಿನ ಕಬ್ಬಿಣದ ಮೈಗುಂಟ ಬಂದು, ಒಂದು ದಪ್ಪ ವಯರಿನ ಮೂಲಕ ಮತ್ತೆ ಬ್ಯಾಟರಿಗೇ ಸೇರಬೇಕು. ಆ ವಯರಿಗೆ ಅರ್ಥಿಂಗ್ ಎನ್ನುತ್ತಾರೆ. ಅದು ನೆಟ್ಟಗಿದ್ದರೆ ಮೀಟರ್ ಸೊನ್ನೆಯ ಆಸುಪಾಸು ತೋರಿಸಬೇಕು. ಎರಡೂವರೆ ವೋಲ್ಟು ತೋರಿಸುತ್ತಿತ್ತು. ವಿಭವಾಂತರ ಎಂದರೇನು ಎಂದು ಹದಿನೆಂಟು ವರ್ಷ ಬೋರ್ಡಿನ ಮೇಲೆ ಬರೆದು ಬರೆದು ನನ್ನ ಕೈ ಸವೆದಿದೆ. ಅದನ್ನು ಕಣ್ಣಿನಿಂದ ನೋಡಿದ್ದು ಅವತ್ತೇ.

ಮೂರನೆಯ ದಿನ ಡಿಕ್ಕಿಯ ಜಮಖಾನೆ ಎತ್ತಿದಳು. ಆ ಕಾರಿನಲ್ಲಿ ಬ್ಯಾಟರಿ ಇರುವುದು ಮುಂದೆ ಅಲ್ಲ, ಹಿಂದೆ ಡಿಕ್ಕಿಯ ಮೂಲೆಯಲ್ಲಿ. ಮೂಗಿಗೆ ಮೊದಲು ಬಡಿದದ್ದು ಹುಳಿ ವಾಸನೆ. ಬಟ್ಟೆಯ ಛಾವಣಿಯ ಹಿಂದಿನ ಅಂಚಿನಲ್ಲಿ ನೀರು ಹೊರಗೆ ಹೋಗಲೆಂದು ಎರಡು ಸಣ್ಣ ತೂತುಗಳಿದ್ದವು. ಸಿಮೆಂಟಿನ ಧೂಳು ಅದರಲ್ಲಿ ಇಳಿದು, ನೆನೆದು, ಗಚ್ಚು ಹಾಕಿದಂತೆ ಮುಚ್ಚಿಹೋಗಿತ್ತು. ಮೇಲಿನಿಂದ ಸುರಿದ ಹುಣಸೆ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ. ವಾರ ವಾರವೂ ಡಿಕ್ಕಿಗೆ ಇಳಿದು ಬ್ಯಾಟರಿಯ ಬುಡದಲ್ಲಿ ನಿಂತಿತ್ತು. ಅಂಬಿಕಾ ಅರ್ಥಿಂಗ್ ವಯರಿನ ಕರಿಯ ಕವಚವನ್ನು ಬ್ಲೇಡಿನಿಂದ ಸೀಳಿ ತೋರಿಸಿದಳು. ಒಳಗೆ ತಾಮ್ರ ಎಲ್ಲಿತ್ತು? ಹಸಿರು ಪುಡಿ ಉದುರಿತು. ಗಟ್ಟಿಯಾಗಿ ಉಳಿದಿದ್ದವು ನಾಲ್ಕೈದು ಎಳೆ. ಹಂಪಿನ ಮೇಲೆ ಕುಲುಕಿದಾಗ ಅವೂ ಬಿಡುತ್ತಿದ್ದವು, ಬಿಟ್ಟಾಗ ಕಾರಿನಲ್ಲಿದ್ದದ್ದೆಲ್ಲ ಒಮ್ಮೆಲೇ ಸಾಯುತ್ತಿತ್ತು. ಕಂಪ್ಯೂಟರಿಗೆ ನೆಗಡಿ ಕೂಡ ಆಗಿರಲಿಲ್ಲ.

ಅತ್ತೆ ಸೆರಗು ಹೊದ್ದುಕೊಂಡು ಹೊರಗೆ ಬಂದರು. ಆ ಹಸಿರು ಪುಡಿಯನ್ನು ನೋಡಿ, "ತಂಬಗಿ ತಿಕ್ಕೋ ಹುಣಸಿಹಣ್ಣು ತಾಮ್ರ ಬಿಡ್ತದೇನ? ನನಗ ಕೇಳಿದ್ರ ನಾನೇ ಹೇಳ್ತಿದ್ದೆ," ಎಂದು ನಕ್ಕು ಒಳಗೆ ಹೋದರು. ಹುಣಸೆ ನೆನೆಸಿಕೊಟ್ಟವರು ಅವರೇ, ನಕ್ಕುಬಿಟ್ಟರು. ಮಗ ನಗಲಿಲ್ಲ. ಕಿವಿಯ ತನಕ ಕೆಂಪಾಗಿ, ಕೋರ್ಟಿಗೆ ಹೊತ್ತಾಯಿತು ಎಂದು ಸ್ಕೂಟರ್ ಹತ್ತಿ ಹೋದರು. ಅವತ್ತು ಕೋರ್ಟಿಗೆ ರಜೆ ಇತ್ತು.

ಷರತ್ತು ಹಾಕಿದವರೇ ಓಡಿಹೋದ ಮೇಲೆ ಅಂಬಿಕಾ ನನ್ನ ಎದುರಿಗೇ ಕೆಲಸ ಮುಂದುವರಿಸಿದಳು. ವೆಲ್ಡಿಂಗಿಗೆ ಬಳಸುವ ದಪ್ಪ ತಾಮ್ರದ ವಯರನ್ನು ಅಳತೆಗೆ ಕತ್ತರಿಸಿ ತಂದಿದ್ದಳು. ಎರಡೂ ತುದಿಗೆ ಬೋಲ್ಟು ತೂರುವ ಬಳೆಯಂಥ ಲಗ್ ಒತ್ತಿ, ಬೋಲ್ಟು ಕೂರುವ ಜಾಗವನ್ನು ಬಿಳಿ ಲೋಹ ಕಾಣುವ ತನಕ ಉಜ್ಜಿ, ಬಿಗಿಮಾಡಿ, ಮೇಲೆ ಗ್ರೀಸ್ ಬಳಿದಳು. ಮುಚ್ಚಿದ ತೂತುಗಳನ್ನು ಸೈಕಲ್ಲಿನ ಬ್ರೇಕ್ ವಯರಿನಿಂದ ಕೊರೆದು ಬಿಡಿಸಿದಳು. ಮೀಟರ್ ಹಿಡಿದರೆ ಸೊನ್ನೆ. ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಅವಳು ಮಾತ್ರ ಈಗಲೇ ಏನೂ ಹೇಳಲಾಗದು, ರಸ್ತೆಯಲ್ಲಿ ಓಡಿಸಿ ನೋಡಬೇಕು ಎಂದಳು.

ಓಡಿಸುವವರು ಯಾರು? ಅವಳು ಮೀಟರ್ ಹಿಡಿದು ಪಕ್ಕದಲ್ಲಿ ಕೂರಬೇಕು. ಎರಡೇ ಸೀಟಿನ ಗಾಡಿಯಲ್ಲಿ ಪರರ ಮನೆಯ ಹೆಣ್ಣುಮಗಳನ್ನು ಕೂರಿಸಿಕೊಂಡು ಊರ ಮುಂದೆ ಹೇಗೆ ಹೋಗಲಿ ಎಂದು ನಮ್ಮವರು ಹಿಂದೆ ಸರಿದರು. ಲೈಸೆನ್ಸು ನನಗೂ ಇತ್ತು, ಹಾಗಾಗಿ ಮರುದಿನ ಬೆಳಿಗ್ಗೆ ಕೀಲಿ ನನ್ನ ಕೈಗೆ ಬಂತು. ಸೇಡಂನಿಂದ ಮಳಖೇಡ, ಅಲ್ಲಿಂದ ಚಿತ್ತಾಪುರ, ವಾಡಿ, ಶಹಾಬಾದ, ಮತ್ತೆ ಅದೇ ದಾರಿಯಲ್ಲಿ ವಾಪಸು. ಹಗಲಲ್ಲೇ ಲೈಟು ಹಾಕಿಸಿದ್ದಳು. ಎದುರಿಗೆ ಬಂದ ಬೈಕಿನವರೆಲ್ಲ ಬೆರಳು ಮಡಚಿ ಬಿಚ್ಚಿ ಲೈಟು ಹತ್ತಿದೆ ಎಂದು ಸನ್ನೆ ಮಾಡಿದರು. ಗೊತ್ತಪ್ಪ ಗೊತ್ತು ಎಂದು ನಾವು ಒಳಗೆ ನಗುತ್ತಿದ್ದೆವು. ವಾಡಿಯ ಹತ್ತಿರ ಲಾರಿಗಳ ಸಾಲಿನಲ್ಲಿ ಮುಕ್ಕಾಲು ತಾಸು ನಿಂತೆವು, ಎಸಿ ಹಾಕಿಕೊಂಡೇ ನಿಂತೆವು. ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವವರ ಅಂಗಡಿಯ ಮುಂದೆ ಚಹಾ ಕುಡಿದೆವು. ಯಾವ ಹಂಪನ್ನೂ ಅವಳು ತಪ್ಪಿಸಲು ಬಿಡಲಿಲ್ಲ. "ಜೋರಲೇ ಹೋಗ್ರಿ ಟೀಚರ್, ಕೆಡೋದಿದ್ರ ಈಗೇ ಕೆಡ್ಲಿ," ಎನ್ನುವಳು. ಮುಳ್ಳು ಒಂದು ಸಲವೂ ಬೀಳಲಿಲ್ಲ. ಅಷ್ಟು ಸಂತೋಷದ ದಿನ ನನಗೆ ಈಚೆಗೆ ನೆನಪಿಲ್ಲ.

ಮಳಖೇಡದಲ್ಲಿ ಅವಳನ್ನು ಇಳಿಸುವಾಗ, ನಿನಗೆ ಏನು ಕೊಡಬೇಕು ಹೇಳು ಎಂದೆ. ಏನೂ ಬೇಡ ಎಂದಳು. "ಉದಯಕುಮಾರ ಸರ್‌ಗ ಒಂದು ಮಾತು ಹೇಳ್ರಿ. ಅಂಬಿಕಾ ರಿಪೇರಿ ಮಾಡ್ಯಾಳ ಅಂತ. ನನಗ ಅಷ್ಟೇ ಬೇಕು."

ಆ ಒಂದು ಮಾತು ಹೇಳಲು ಅವಕಾಶ ತಾನಾಗಿಯೇ ಬಂತು. ಪಂಚಮಿಗೆ ಇನ್ನೂ ಎಂಟು ದಿನವಿತ್ತು. ಭಾನುವಾರ ಬೆಳಿಗ್ಗೆ ಉದಯಕುಮಾರ ಮನೆಗೆ ಬಂದರು. ಅಂಗಳದಲ್ಲಿ ಕಾರಿನ ಸುತ್ತ ಒಂದು ಸುತ್ತು ಹಾಕಿ, ಕೀಲಿ ತಿರುವಿ, ಲೈಟು ಹಾಕಿ ನೋಡಿ ಕಣ್ಣರಳಿಸಿದರು. ಒಳಗೆ ಬಂದು ಕೂತರು. ನಾನು ಚುರುಮುರಿ ಸುಸ್ಲಾದ ಎರಡು ಪ್ಲೇಟು ಹಿಡಿದು ಅಡುಗೆಮನೆಯಿಂದ ಬರುತ್ತಿದ್ದೆ.

"ಯಾರು ಮಾಡಿದ್ರೀ ವಕೀಲರ?" ಎಂದು ಕೇಳಿದರು.

ನಮ್ಮವರು ನನ್ನ ಕಡೆ ನೋಡಲಿಲ್ಲ. "ತಾನಾ ಸರಿ ಆತು ನೋಡ್ರಿ. ಎಲ್ಲೋ ಪಸಿ ಹಿಡದಿತ್ತು, ಒಣಗ್ತು ಅಂತ ಕಾಣಸ್ತದ," ಎಂದರು.

ನಾನು ಪ್ಲೇಟು ಹಿಡಿದು ಬಾಗಿಲಲ್ಲೇ ನಿಂತೆ. ಹಸಿರು ತಾಮ್ರದ ವಯರಿನ ತುಂಡು ನನ್ನ ಹಿಂದೆ ಅಡುಗೆಮನೆಯ ಕಟ್ಟೆಯ ಮೇಲೇ ಇತ್ತು, ಮಕ್ಕಳಿಗೆ ತೋರಿಸಲೆಂದು ಎತ್ತಿಟ್ಟಿದ್ದೆ. ತಂದು ಅವರ ಮುಂದೆ ಇಟ್ಟಿದ್ದರೆ ಸಾಕಾಗಿತ್ತು. ಪರರ ಮುಂದೆ ಗಂಡನನ್ನು ಸುಳ್ಳುಗಾರ ಎನ್ನುವುದು ಹೇಗೆ ಎಂದುಕೊಂಡೆ. ಮನೆಯ ಮಾತು, ನಾಳೆ ಫೋನಿನಲ್ಲಿ ಹೇಳಿದರಾಯಿತು ಎಂದುಕೊಂಡೆ. ಇನ್ನೂ ಎಂಟು ದಿನ ಇದೆಯಲ್ಲ ಎಂದೂ ಅಂದುಕೊಂಡೆ. ಇಷ್ಟೆಲ್ಲ ಅಂದುಕೊಳ್ಳುವುದರೊಳಗೆ ಮಾತು ಲಾರಿಯ ಟೈರುಗಳ ಕಡೆಗೆ ತಿರುಗಿತ್ತು. ಪ್ಲೇಟುಗಳನ್ನು ಟೀಪಾಯಿಯ ಮೇಲೆ ಇಟ್ಟು ಒಳಗೆ ಹೋದೆ.

ಅವರು ಹೋದ ಮೇಲೆ ನಾನು ಮನೆ ತಲೆಕೆಳಗು ಮಾಡಿದೆ. ಅವಳ ಅನ್ನಕ್ಕೆ ಕಲ್ಲು ಹಾಕಿದಿರಿ ಎಂದೆ. ನಮ್ಮವರು ತಲೆ ತಗ್ಗಿಸಿಯೇ ಕೂತಿದ್ದರು. "ಆ ವಿಡಿಯೋ ನಾನ್ನೂರು ಮಂದಿ ನೋಡ್ಯಾರ. ನನ್ನ ಗಾಡಿ ನಾನೇ ಕೆಡಿಸಿದೆ ಅಂತ ಯಾವ ಬಾಯಿಲೆ ಹೇಳ್ಲಿ?" ಎಂದರು. ಆಮೇಲೆ, ಆಗಲಿ, ಎರಡು ದಿನದಲ್ಲಿ ನಾನೇ ಫೋನ್ ಮಾಡಿ ಸರಿಯಾಗಿ ಹೇಳುತ್ತೇನೆ ಎಂದರು. ನಾನು ನಂಬಿದೆ. ನಂಬುವುದು ಅನುಕೂಲವಾಗಿತ್ತು, ಆದ್ದರಿಂದ ನಂಬಿದೆ. ಸೋಮವಾರ ಶಾಲೆಯಲ್ಲಿ ತಪಾಸಣೆ, ಮಂಗಳವಾರ ನಮ್ಮವರಿಗೆ ಕೇಸು, ಬುಧವಾರ ಅಮಾವಾಸ್ಯೆ. ಮುಂದೆ ಪಂಚಮಿಯ ಉಂಡಿ, ನಾಗಪ್ಪನಿಗೆ ಹಾಲು. ಹೇಳಿದಿರಾ ಎಂದು ಕೇಳಿದಾಗಲೆಲ್ಲ ಹೇಳುತ್ತೇನೆ ಎನ್ನುತ್ತಿದ್ದರು.

ಪಂಚಮಿ ಆದ ಮರುದಿನ ನಾನು ಅರ್ಧ ದಿನದ ರಜೆ ಹಾಕಿ ಚಿತ್ತಾಪುರ ರಸ್ತೆಯ ವರ್ಕ್‌ಶಾಪಿಗೆ ಹೋದೆ, ಆ ವಯರಿನ ತುಂಡನ್ನು ಪರ್ಸಿನಲ್ಲಿ ಹಾಕಿಕೊಂಡು. ಹೊಸ ಎಲೆಕ್ಟ್ರಿಷಿಯನ್ ಆಗಲೇ ಒಂದು ಲಾರಿಯ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದ. ನಾನು ಉದಯಕುಮಾರರ ಟೇಬಲ್ಲಿನ ಮೇಲೆ ವಯರು ಇಟ್ಟು, ಹುಣಸೆಯಿಂದ ಹಿಡಿದು ಶಹಾಬಾದಿನ ತನಕ ಎಲ್ಲ ಒದರಿದೆ. ಒಬ್ಬ ಹೆಣ್ಣುಮಗಳು ಮೂರು ದಿನದಲ್ಲಿ ಹುಡುಕಿದ್ದನ್ನು ನಿಮ್ಮ ಸ್ಕ್ಯಾನರ್ ಹುಡುಕಲಿಲ್ಲ, ಆದರೂ ಅವಳನ್ನು ಒಂದು ಮಾತು ಕೇಳದೆ ಜಾಗ ತುಂಬಿಬಿಟ್ಟಿರಲ್ಲ ಎಂದು ಜೋರಾಗಿಯೇ ಕೇಳಿದೆ. ಅವರು ಆ ತುಂಡನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಬೆರಳಿಗೆ ಹಸಿರು ಹತ್ತಿತು.

"ಕೇಳೀನ್ರಿ ಮೇಡಂ. ನಾ ನಿಮ್ಮ ಮನಿಗಿ ಬಂದಿದ್ನೆಲ್ಲ, ಅವತ್ತ ಸಂಜೀಕೇ ಆಕಿ ಬಂದಿದ್ದಳು. ಗಾಡಿ ನಾ ಮಾಡೀನಿ ಅಂದಳು. ತಾನಾ ಸರಿ ಆಗ್ಯಾದಂತ ವಕೀಲರು ಹೇಳ್ಯಾರಲ್ಲ ಅಂದೆ. ಹಂಗಾದ್ರ ಟೀಚರ್‌ಗ ಕೇಳ್ರಿ ಅಂದಳು." ಅವರು ವಯರನ್ನು ಮೆಲ್ಲಗೆ ಟೇಬಲ್ಲಿನ ಮೇಲೆ ಇಟ್ಟರು. "ನೀವು ಅಲ್ಲೇ ನಿಂತಿದ್ರಿ, ಕೈಯಾಗ ಪ್ಲೇಟ್ ಹಿಡಕೊಂಡು. ಆಕಿ ಹೇಳೋದು ಖರೇ ಇದ್ದಿದ್ರ ನೀವು ಅಲ್ಲೇ ಹೇಳ್ತಿದ್ರಿ ಅಂತ ತಿಳ್ಕೊಂಡೆ. ಇಲ್ಲದ ಕೆಲಸ ಮಾಡೀನಿ ಅನ್ನೋರನ್ನ ವರ್ಕ್‌ಶಾಪಿನಾಗ ಹ್ಯಾಂಗ ಇಟ್ಕೊಳ್ಳಲಿ? ಆಕಿಗಿ ಹಂಗೇ ಹೇಳಿ ಕಳಿಸ್ದೆ."

ಕೂಗಾಡಲು ಬಂದವಳು ವಯರಿನ ತುಂಡನ್ನು ಮತ್ತೆ ಪರ್ಸಿಗೆ ಹಾಕಿಕೊಂಡೆ. ಇನ್ನೊಂದು ಜಾಗ ಖಾಲಿಯಾದಾಗ ನೋಡೋಣ ಎಂದು ಅವರು ಹೇಳಿದ್ದು ಅರ್ಧ ಕೇಳಿಸಿತು. ಗುತ್ತಿಗೆದಾರ ಅವಳನ್ನು ಕಸ ಗುಡಿಸುವವಳು ಎಂದು ಬರೆದಿದ್ದ. ನಾವು ಅವಳನ್ನು ಸುಳ್ಳುಗಾರ್ತಿ ಮಾಡಿದ್ದೆವು, ಅದೂ ಯಾವ ಕಾಗದವೂ ಇಲ್ಲದೆ.

ಅಲ್ಲಿಂದ ನೇರ ಮಳಖೇಡದ ಬಸ್ಸು ಹತ್ತಿದೆ. ಅಂಬಿಕಾ ಪಡಸಾಲೆಯಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿಕೊಂಡು ಕೂತಿದ್ದಳು. ನನ್ನನ್ನು ನೋಡಿ ಎದ್ದು, "ಬರ್ರಿ ಟೀಚರ್, ಕುಂದ್ರಿ," ಎಂದಳು. ಮಾಣಿಕಮ್ಮ ಚಾಪೆ ಹಾಸಿದಳು, ಹಬ್ಬದ ಉಂಡಿ ತಂದಿಟ್ಟಳು. ಇಬ್ಬರಲ್ಲಿ ಒಬ್ಬರಾದರೂ ಒಂದು ಬಿರುಸು ಮಾತು ಆಡಲಿ ಎಂದು ಕಾದೆ, ಆಡಲಿಲ್ಲ. ನಾನು ಎಲ್ಲ ಹೇಳಿದೆ. ನಮ್ಮವರು ಹೀಗೆ ಮಾಡುತ್ತಾರೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ ಎಂದೆ. ವಿಡಿಯೋದ ಮರ್ಯಾದೆಗೆ ಹೆದರಿ ಒಬ್ಬ ವಕೀಲ ಸುಳ್ಳು ಹೇಳುವುದೆಂದರೇನು ಎಂದೆ. ಅವರನ್ನು ಬೈದೆ, ಉದಯಕುಮಾರರನ್ನು ಬೈದೆ, ಗುತ್ತಿಗೆದಾರನನ್ನೂ ಬಿಡಲಿಲ್ಲ.

ಅಂಬಿಕಾ ಸ್ಟಾರ್ಟರಿನ ಒಂದು ಸ್ಕ್ರೂ ಬಿಗಿಮಾಡುತ್ತ ಎಲ್ಲ ಕೇಳಿಸಿಕೊಂಡಳು. ನನ್ನ ಬೈಗುಳ ಮುಗಿದ ಮೇಲೆ ತಲೆ ಎತ್ತಿದಳು.

"ಸರ್ ಹೇಳಂಗಿಲ್ಲ ಅಂತ ನನಗ ಮೊದಲೇ ಗೊತ್ತಿತ್ರಿ ಟೀಚರ್," ಎಂದಳು. "ಅದಕ್ಕೇ ನಿಮ್ಮ ಹೆಸರು ಹೇಳಿದ್ದೆ."